ಕಿಟಕಿಯಿಂದ ಹಾಕಿದ ಬೆಳ್ಳುಳ್ಳಿ

ನಾನು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು, ಬಿಡಲಿಲ್ಲ. ಹದಿಮೂರು ವರ್ಷದ ನನ್ನ ತಂಗಿ ಹಿತ್ತಲಲ್ಲಿ ಸತ್ತ ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಅವ್ವ ಅವಳೆದುರು ನಿಂತು, "ನಿನ್ನ ಕೈಗುಣಾನೇ ಸರಿಯಿಲ್ಲ ಕಣೇ, ನೀನೇ ಅದನ್ನ ಕೊಂದಿದ್ದು" ಎಂದು ಬೈಯುತ್ತಿದ್ದಳು. ನಾಯಿಯನ್ನು ಕೊಂದ ಕೈ ಯಾರದೆಂದು ಗೊತ್ತಿದ್ದವಳು ನಾನೊಬ್ಬಳೇ. ಕಿಟಕಿಯ ಒಳಗೆ, ತಲೆಗೆ ಬಟ್ಟೆ ಸುತ್ತಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು, ಮಂಚದ ಮೇಲೆ ಬಾಣಂತಿಯಾಗಿ ಕೂತಿದ್ದೆ. ಹತ್ತಿ ಇದ್ದರೂ ಒಂದೊಂದು ಮಾತೂ ಕೇಳಿಸಿತು. ಮಗುವಿಗೆ ಹಾಲು ಕುಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡೆ.

ಒಂದು ನಾಯಿಗೋಸ್ಕರ ಇಷ್ಟು ವರ್ಷದ ಮೇಲೆ ಪೆನ್ನು ಹಿಡಿದು ಕೂರಬೇಕಾ ಎಂದು ನಮ್ಮ ಮನೆಯವರೇ ಕೇಳುತ್ತಾರೆ. ಕೂರಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದರಲ್ಲಿ ಒತ್ತು ದೀರ್ಘ ತಪ್ಪಿದ್ದರೆ ತಿದ್ದುವವರು ತಿದ್ದಲಿ, ವಿಷಯವನ್ನು ಮಾತ್ರ ತಿದ್ದಲು ಬಿಡುವುದಿಲ್ಲ. "ಆ ಕಾಲದಲ್ಲಿ ಇದೆಲ್ಲ ಯಾರಿಗೆ ಗೊತ್ತಿತ್ತು ಬಿಡಿ" ಎಂಬ ಸಮಾಧಾನವನ್ನೂ ನನಗೆ ಯಾರೂ ಹೇಳಬೇಡಿ. ನನಗೆ ಗೊತ್ತಿತ್ತು. ಹೇಳಿದ್ದರು. ಒಂದು ಸಲವಲ್ಲ, ಎರಡು ಸಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ತವರು ಹೊಸಹಳ್ಳಿ. ಹೊಲ ಇದ್ದ ಕಡೆಯೆಲ್ಲ ಸೈಟು ಮಾಡಿ ಕಲ್ಲು ನೆಟ್ಟಿದ್ದರು. ವಿಜಯನಗರ ಬಡಾವಣೆಯ ಕಡೆಯಿಂದ ಒಂದೊಂದೇ ತಾರಸಿ ಮನೆ ಎದ್ದು ನಮ್ಮ ಹೆಂಚಿನ ಮನೆಗಳ ಹತ್ತಿರ ಬರುತ್ತಿತ್ತು. ಅಪ್ಪ ಎರಡು ಹಸು, ಒಂದು ಎಮ್ಮೆ ಕಟ್ಟಿಕೊಂಡು ಆ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದ. ಅವ್ವ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದಳು. ನನ್ನ ತಂಗಿ ಹುಟ್ಟಿದ ವರ್ಷ ನನ್ನನ್ನು ಶಾಲೆ ಬಿಡಿಸಿದರು. ತೊಟ್ಟಿಲು ತೂಗುವವರು ಬೇಕಿತ್ತು. ಆಮೇಲೆ ಒಲೆ ನೋಡುವವರು ಬೇಕಿತ್ತು. ತಂಗಿ ಮಾತ್ರ ಓದಿದಳು, ನಮ್ಮ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲನೆಯವಳು ಅವಳೇ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು ಎಂದು ಯಾರಾದರೂ ಆಗ ಅಂದಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ನಿಲ್ಲುವುದಿಲ್ಲ. ಇತ್ತು.

ನನ್ನನ್ನು ಕೆಂಗೇರಿಯ ಕಡೆಗೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದೆ. ಬರುವಷ್ಟರಲ್ಲಿ ಮನೆಗೆ ಒಂದು ಹೆಣ್ಣು ನಾಯಿ ಸೇರಿಕೊಂಡಿತ್ತು. ಕಂದು ಮೈ, ಕಪ್ಪು ಮೂತಿ, ಒಂದು ಕಿವಿ ನಿಂತರೆ ಇನ್ನೊಂದು ಬಿದ್ದಿರುತ್ತಿತ್ತು. ಹಾಲಿನ ಕ್ಯಾನಿನ ಹಿಂದೆ ಅಪ್ಪನ ಜೊತೆ ಬಂದದ್ದು ತಂಗಿಯ ಹಿಂದೆ ಉಳಿಯಿತು. ತಂಗಿ ಅದಕ್ಕೊಂದು ಹೆಸರಿಟ್ಟಿದ್ದಳು. ಆ ಹೆಸರನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ, ಬರೆಯುವುದಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಟರೆ ರಸ್ತೆಯ ತುದಿಯವರೆಗೂ ಕಳಿಸಿ ಬರುತ್ತಿತ್ತು. ಸಂಜೆ ಅವಳು ಬರುವ ಹೊತ್ತಿಗೆ ಅದೇ ಜಾಗದಲ್ಲಿ ಹೋಗಿ ಕೂತಿರುತ್ತಿತ್ತು.

ನನಗೆ ಹೆಣ್ಣು ಮಗು ಹುಟ್ಟಿದ ಮೂರನೇ ದಿನ ಅದೂ ಮರಿ ಹಾಕಿತು. ನಾನು ಮಲಗಿದ್ದ ಕೋಣೆಯ ಕಿಟಕಿಯ ಕೆಳಗೇ, ಹಸುವಿಗೆಂದು ಒಟ್ಟಿದ್ದ ಹುಲ್ಲಿನ ಮರೆಯಲ್ಲಿ. ನಾಲ್ಕು ಮರಿ. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಸರಿ ಹೋಯ್ತು, ಒಳಗೊಂದು ಬಾಣಂತನ, ಹೊರಗೊಂದು ಬಾಣಂತನ. ಅದಕ್ಕೂ ನಾನೇ ನೀರು ಹುಯ್ಬೇಕೇನೋ!" ಎಂದು ನಕ್ಕಳು.

ನಮ್ಮ ಕಡೆಯ ಬಾಣಂತನ ನೋಡಿದವರಿಗೆ ಗೊತ್ತು, ಅದು ಬೆಳ್ಳುಳ್ಳಿಯ ರಾಜ್ಯ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಅದರ ಜೊತೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಎಸಳು ಒಂದು ಹಿಡಿ. ಮಧ್ಯಾಹ್ನಕ್ಕೆ ಕೆಂಡದಲ್ಲಿ ಇಡಿಯಾಗಿ ಸುಟ್ಟ ಗೆಡ್ಡೆ. ಸಂಜೆ ಮತ್ತೆ ಒಂದು ಹಿಡಿ. ಮೊಸರಿಲ್ಲ, ಹಣ್ಣಿಲ್ಲ, ಸೊಪ್ಪಿಲ್ಲ, ನೀರು ಕೂಡ ಅಳೆದು ಸುರಿದು. ಬೆಳ್ಳುಳ್ಳಿ ತಿಂದರೆ ಹಾಲು ಇಳಿಯುತ್ತದೆ, ವಾಯು ಹತ್ತಿರ ಸುಳಿಯುವುದಿಲ್ಲ, ರಕ್ತ ಊರುತ್ತದೆ. ನನಗೂ ಮಗುವಿಗೂ ನೀರು ಹಾಕಲು ದಿನಾ ಬರುತ್ತಿದ್ದ ಅಜ್ಜಿ ಇದನ್ನು ಮಂತ್ರದ ಹಾಗೆ ಹೇಳುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ಅವರೇ ನೀರು ಹಾಕಿದ್ದರು. ಅವರ ಮಾತಿಗೆ ಎದುರಿರಲಿಲ್ಲ.

ನನಗೋ ಬೆಳ್ಳುಳ್ಳಿ ಕಂಡರೆ ಆಗುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕಿದರೆ ಸರಿ, ಹಿಡಿ ಹಿಡಿ ನುಂಗುವುದು ನನ್ನ ಕೈಲಾಗುತ್ತಿರಲಿಲ್ಲ. ಬೆವರಿನಲ್ಲೂ ಅದೇ ವಾಸನೆ, ತೇಗಿನಲ್ಲೂ ಅದೇ, ಮಗುವಿನ ಬಾಯಲ್ಲೂ ಅದೇ.

ಆ ವಾರ ಅಪ್ಪ ಬೆದೆಗೆ ಬಂದ ಹಸುವನ್ನು ದನದ ಆಸ್ಪತ್ರೆಗೆ ಹೊಡೆದುಕೊಂಡು ಹೋಗುವಾಗ ತಂಗಿಯೂ ಜೊತೆಗೆ ಹೋಗಿದ್ದಳು. ಅಲ್ಲಿನ ಡಾಕ್ಟರನ್ನು ನಿಲ್ಲಿಸಿ ತನ್ನ ನಾಯಿಯ ವಿಷಯ ಕೇಳಿಕೊಂಡು ಬಂದಳು. ಹಸು ಎಮ್ಮೆ ನೋಡುವ ಮನುಷ್ಯ ಹುಡುಗಿಯನ್ನು ಗದರಿಸದೆ ನಿಂತು ಹೇಳಿದರಂತೆ. ಅವಳು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡು ಬಂದು, ಕಿಟಕಿಯ ಆಚೆ ನಿಂತು ನಮಗೆ ಓದಿ ಹೇಳಿದಳು. ಅಜ್ಜಿ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು.

"ಅಕ್ಕ, ಕೇಳು. ಮರಿ ಹಾಕಿರೋ ನಾಯಿಗೆ ರಾಗಿ ಅಂಬಲಿ ಕೊಡ್ಬೋದಂತೆ, ಅನ್ನ ಕೊಡ್ಬೋದಂತೆ. ಬೇಯ್ಸಿದ ಮೊಟ್ಟೆ, ಉಪ್ಪು ಖಾರ ಇಲ್ದಿರೋ ಮಾಂಸ, ಸೀಕುಂಬಳಕಾಯಿ ಎಲ್ಲಾ ಒಳ್ಳೇದಂತೆ. ಬೇಯ್ಸಿದ ಕೋಳಿ ಮೂಳೆ ಹಾಕ್ಬಾರ್ದಂತೆ, ಸೀಳ್ಕೊಂಡು ಒಳಗೆ ಚುಚ್ಚುತ್ತಂತೆ. ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಮುಟ್ಟಿಸ್ಲೇಬಾರ್ದಂತೆ. ರಕ್ತ ಒಡೆದೋಗುತ್ತಂತೆ."

"ಯಾವ್ದು? ಬೆಳ್ಳುಳ್ಳೀನಾ?" ಅಜ್ಜಿ ಹೊಗೆಯ ನಡುವೆಯಿಂದ ತಲೆ ಎತ್ತಿದರು. "ಬೆಳ್ಳುಳ್ಳಿ ತಿಂದ್ರೆ ರಕ್ತ ಊರುತ್ತೆ ಕಣೇ ಹುಚ್ಮುಂಡೇದೇ, ಒಡೆಯುತ್ತಂತೆ! ಯಾರವ್ನು ಡಾಕ್ಟ್ರು? ಎಷ್ಟು ಹೆತ್ತವ್ನೆ?"

"ಅವ್ರು ಗಂಡಸರು, ಅಜ್ಜಿ."

"ಅದನ್ನೇ ಕೇಳಿದ್ದು ನಾನು."

ನಾನು ಹೊಲಿಗೆ ನೋಯುವಷ್ಟು ನಕ್ಕೆ. ನಕ್ಕು ಸುಮ್ಮನಾಗಲಿಲ್ಲ. "ಎರಡಕ್ಷರ ಇಂಗ್ಲಿಷು ಕಲ್ತಿದ್ದೇ ಕಲ್ತಿದ್ದು, ಈಗ ಬಾಣಂತನಾನೂ ನಮ್ಗೆ ಪಾಠ ಹೇಳ್ತಾಳೆ ನೋಡಿ ಅಜ್ಜಿ" ಎಂದೆ.

"ನಿಂಗಲ್ಲ ಅಕ್ಕ, ನಾಯಿಗೆ."

"ಮರಿ ಹಾಕಿದ್ಮೇಲೆ ಅದೂ ತಾಯೀನೇ. ತಾಯಿ ತಿನ್ನೋದನ್ನ ತಾಯಿ ತಿಂತಾಳೆ. ನೀನು ಹೋಗಿ ಓದ್ಕೋ ಹೋಗು."

ಅವಳು ಕಿಟಕಿಯ ಸರಳು ಹಿಡಿದು ಇನ್ನೂ ಒಂದು ಗಳಿಗೆ ನಿಂತಿದ್ದಳು. "ಹಾಕ್ಬೇಡ ಕಣಕ್ಕ, ನಿನ್ ದಮ್ಮಯ್ಯ" ಎಂದು ಹೋದಳು.

ಮಾರನೇ ದಿನವೇ ಹಾಕಿದೆ.

ಯಾಕೆ ಹಾಕಿದೆ ಎಂದು ನಾನೇ ನನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ರೀತಿಯಿಂದ ಎಂದರೆ ಸುಳ್ಳಲ್ಲ. ಕಿಟಕಿಯ ಕೆಳಗೆ ನಾಲ್ಕು ಮರಿಗಳೂ ಒಟ್ಟಿಗೆ ಜೋತುಬಿದ್ದು ಹೀರುತ್ತಿದ್ದವು, ಅದರ ಪಕ್ಕೆಲುಬು ಎಣಿಸುವ ಹಾಗಿತ್ತು. ನನ್ನ ಮಗು ನನ್ನನ್ನು ಹೀರುವಾಗ ಸೊಂಟದಲ್ಲಿ ಏಳುವ ನೋವು ಅದಕ್ಕೂ ಏಳುತ್ತದೆಯೇನೋ ಎನಿಸುತ್ತಿತ್ತು. ಆದರೆ ಪ್ರೀತಿಯ ಜೊತೆಗೆ ಇನ್ನೂ ಎರಡು ಇದ್ದವು. ಒಂದು, ನನಗೆ ಆ ಬೆಳ್ಳುಳ್ಳಿ ಬೇಡವಾಗಿತ್ತು, ತಟ್ಟೆ ಖಾಲಿಯಾಗದಿದ್ದರೆ ಅವ್ವ ಬಿಡುತ್ತಿರಲಿಲ್ಲ. ಇನ್ನೊಂದು, ಒಲೆಯ ಮುಂದೆ ಹನ್ನೆರಡು ವರ್ಷ ಕೂತವಳಿಗೆ ಇವಳು ನೋಟ್‌ಬುಕ್ ಹಿಡಿದು ಯಾವುದು ಅನ್ನ, ಯಾವುದು ವಿಷ ಎಂದು ಹೇಳುವುದೇ? ನಾನು ಮಾಡಿದ ಅಡುಗೆಯನ್ನು ಉಂಡು ಇಡೀ ಮನೆ ಬೆಳೆದಿದೆ, ನಾಯಿಗೆ ಅದು ಆಗುವುದಿಲ್ಲವೇ? ಆಗುತ್ತದೆ ಎಂದು ತೋರಿಸಿಯೇ ತೀರಬೇಕಿತ್ತು.

ಅವ್ವ ಬಟ್ಟಲು ಇಟ್ಟು ಮಗುವಿನ ಬಟ್ಟೆ ಒಗೆಯಲು ಹೋದ ಕೂಡಲೇ ತುಪ್ಪದ ಅನ್ನದಲ್ಲಿ ಎಸಳುಗಳನ್ನು ಹಿಸುಕಿ, ಉಂಡೆ ಕಟ್ಟಿ, ಸರಳಿನ ಸಂದಿಯಿಂದ ಕೆಳಗೆ ಹಾಕುತ್ತಿದ್ದೆ. ತುಪ್ಪದ ಘಮಕ್ಕೆ ನಾಯಿ ಉಂಡೆಯನ್ನು ನೆಲ ಮುಟ್ಟಲು ಬಿಡುತ್ತಿರಲಿಲ್ಲ. ಸುಟ್ಟ ಗೆಡ್ಡೆಯ ತಿರುಳನ್ನೂ ಹಿಂಡಿ ಹಾಕಿದೆ. ಮನೆಮಂದಿಗೆ ಮಾಡಿದ ಈರುಳ್ಳಿ ಗೊಜ್ಜು ಉಳಿದರೆ ನನಗೆಂದು ಅಜ್ಜಿಯ ಕೈಲಿ ತರಿಸಿಕೊಂಡು, ಅವರು ಹೋದ ಮೇಲೆ ಅದನ್ನೂ ಹಾಕಿದೆ. ದಿನಕ್ಕೆ ಮೂರು ಹೊತ್ತು. ಎರಡು ಮೂರು ದಿನದಲ್ಲಿ ನಾಯಿ ನನ್ನ ಬಳೆ ಸದ್ದಿಗೇ ಎದ್ದು ನಿಂತು ಬಾಲ ಆಡಿಸುತ್ತಿತ್ತು. ನೋಡು, ಏನಾಯಿತು, ಏನೂ ಆಗಲಿಲ್ಲ ಎಂದು ಮನಸ್ಸಿನಲ್ಲೇ ತಂಗಿಯ ಜೊತೆ ವಾದ ಗೆಲ್ಲುತ್ತಿದ್ದೆ. ಅವಳು ಸ್ಕೂಲಿನಿಂದ ಬಂದು ಅಂಬಲಿ ಇಟ್ಟರೆ ಅರ್ಧ ಕುಡಿದು ಬಿಡುತ್ತಿತ್ತು. "ಯಾಕೆ ಕುಡೀತಿಲ್ಲ?" ಎಂದು ಅವಳು ಯೋಚಿಸುತ್ತಿದ್ದರೆ ನಾನು ಒಳಗೆ ನಗುತ್ತಿದ್ದೆ.

ಎಂಟನೇ ದಿನವೋ ಒಂಬತ್ತನೇ ದಿನವೋ, ನಾಯಿ ಏಳುವಾಗ ಹಿಂಗಾಲು ಜಾರಿತು. ಮರಿಗಳು ಎಳೆದು ಎಳೆದು ಸುಸ್ತಾಗಿದೆ ಎಂದುಕೊಂಡೆ. ಇನ್ನೊಂದು ಉಂಡೆ ಹೆಚ್ಚಿಗೆ ಹಾಕಿದೆ. ಅದಾದ ಮರುದಿನ ಅದು ಹುಲ್ಲಿನ ಆಚೆ ಹೋಗಿ ಉಚ್ಚೆ ಹೊಯ್ದದ್ದು ನನ್ನ ಕಿಟಕಿಗೆ ಕಾಣಿಸಿತು. ಕಾಫಿ ಡಿಕಾಕ್ಷನ್ನಿನ ಬಣ್ಣ. ರಕ್ತ ಒಡೆದು ಹೋಗುತ್ತದಂತೆ ಎಂದು ತಂಗಿ ಓದಿದ್ದು ಆಗ ನೆನಪಾಯಿತು. ಅವತ್ತಿನಿಂದ ಹಾಕಲಿಲ್ಲ. ಹಾಕುವುದನ್ನು ನಿಲ್ಲಿಸಿದೆನೇ ಹೊರತು ಯಾರಿಗೂ ಹೇಳಲಿಲ್ಲ.

ತಂಗಿ ಸಂಜೆ ಬಂದವಳು ನಾಯಿಯ ತುಟಿ ಎತ್ತಿ ನೋಡಿದಳು. ವಸಡು ಸುಣ್ಣದ ಹಾಗೆ ಬಿಳಿಚಿತ್ತು. ಬೆಳಿಗ್ಗೆ ಸ್ಕೂಲಿಗೆ ಹೋಗದೆ ಒಬ್ಬಳೇ ದನದ ಆಸ್ಪತ್ರೆಗೆ ಓಡಿದಳು. ನಾಯಿ ನಡೆಯುವ ಸ್ಥಿತಿಯಲ್ಲಿರಲಿಲ್ಲ, ಹೊತ್ತುಕೊಂಡು ಹೋಗಲು ಅವಳ ಕೈಲಿ ಆಗುತ್ತಿರಲಿಲ್ಲ. ಬಾಯಲ್ಲೇ ಎಲ್ಲ ಹೇಳಿದಳು. ಡಾಕ್ಟರು ಮೊದಲು ಕೇಳಿದ್ದೇ, "ಈರುಳ್ಳಿ ಬೆಳ್ಳುಳ್ಳಿ ಏನಾದ್ರೂ ತಿಂದಿದ್ಯಾ? ಸರಿಯಾಗಿ ಕೇಳ್ಕೊಂಡು ಬಾ, ಅದರ ಮೇಲೆ ಔಷಧಿ" ಎಂದು.

ಅವಳು ಓಡಿ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕಿಟಕಿಗೆ ಬರಲಿಲ್ಲ, ನೇರ ಕೋಣೆಯೊಳಗೇ ಬಂದಳು. ಅವ್ವ ನನ್ನ ಎದುರು ಕೂತು ಅನ್ನ ಕಲೆಸುತ್ತಿದ್ದಳು.

"ಅಕ್ಕ, ನಿಜ ಹೇಳು. ನೀನು ಅವ್ಳಿಗೆ ಬೆಳ್ಳುಳ್ಳಿ ಹಾಕಿದ್ಯಾ?"

ಅವ್ವನ ಕೈ ಬಟ್ಟಲಲ್ಲಿ ನಿಂತಿತು. ನನಗೆ ಹಾಲು ಸಾಲುತ್ತಿರಲಿಲ್ಲ. ಅವ್ವ ಅದಕ್ಕೇ ಕೊರಗಿ ಕೊರಗಿ ದಿನಾ ಒಂದು ಗೆಡ್ಡೆ ಜಾಸ್ತಿ ಸುಡುತ್ತಿದ್ದಳು. ಅದೆಲ್ಲ ಕಿಟಕಿಯಿಂದ ಹೋಗುತ್ತಿದೆ ಎಂದರೆ ಏನಾಗುತ್ತಿತ್ತು? ಬೈಗುಳ. ಹೆಚ್ಚೆಂದರೆ ತಲೆಗೊಂದು ಮೊಟಕು. ಅಷ್ಟೇ. ಅಷ್ಟಕ್ಕೆ ಹೆದರಿದೆ. ಆ ನೋಟ್‌ಬುಕ್ಕಿನ ಮುಂದೆ ಸೋಲುವುದಕ್ಕೆ ಅದಕ್ಕಿಂತ ಜಾಸ್ತಿ ಹೆದರಿದೆ.

"ಇಲ್ಲ ಕಣೇ. ನಾನ್ಯಾಕೆ ಹಾಕ್ಲಿ?"

"ನಿಜವಾಗ್ಲೂ?"

"ಬಾಣಂತಿ ಹತ್ರ ಆಣೆ ಬೇರೆ ಮಾಡಿಸ್ಕೋತೀಯೇನೇ?" ಎಂದು ಅವ್ವನೇ ಅವಳನ್ನು ಗದರಿದಳು.

ಅವಳು ನನ್ನನ್ನು ನಂಬಿದಳು. ಮತ್ತೆ ಅಷ್ಟು ದೂರ ಓಡಿದಳು. ಅಂಥದ್ದೇನೂ ತಿಂದಿಲ್ಲ ಸಾರ್ ಎಂದು ನನ್ನ ಮಾತನ್ನು ತನ್ನ ಮಾತಾಗಿ ಹೇಳಿದಳು. ಹಾಗಾದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿರಬೇಕು ಎಂದು ಅವರು ಮಾತ್ರೆ ಕೊಟ್ಟರು. ಕಣ್ಣಿಗೆ ಕಾಣದ ನಾಯಿಗೆ, ಕೇಳಿದ ಮಾತಿನ ಮೇಲೆ ಅವರು ಬೇರೆ ಏನು ಕೊಡಬೇಕಿತ್ತು? ತಂಗಿ ಮಾತ್ರೆಯನ್ನು ಬೆಲ್ಲದ ಚೂರಿನೊಳಗೆ ಇಟ್ಟು, ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನುಂಗಿಸಿದಳು. ಅದು ಮಾರನೇ ದಿನ ಮಧ್ಯಾಹ್ನ ಸತ್ತಿತು.

ಮಿಕ್ಕದ್ದನ್ನು ಮೊದಲೇ ಹೇಳಿದ್ದೇನೆ. ಬಾಯಿ ಬಿಡಲಿಲ್ಲ.

ಕೈಗುಣ ಎಂಬ ಮಾತು ನಮ್ಮಲ್ಲಿ ಹಗುರದ್ದಲ್ಲ. ಡಾಕ್ಟರಿಗೆ ಕೈಗುಣ ಇರಬೇಕು, ಬೀಜ ಬಿತ್ತುವವರಿಗೆ ಇರಬೇಕು, ಹಾಲಿಗೆ ಹೆಪ್ಪು ಹಾಕುವವರಿಗೂ ಇರಬೇಕು. ಒಮ್ಮೆ ಇಲ್ಲ ಎಂದರೆ ಇಲ್ಲ. ಅವ್ವ ಸಿಟ್ಟಿನಲ್ಲಿ ಅಂದಳು, ಅಜ್ಜಿ ಅದನ್ನು ಊರ ತುಂಬ ತೆಗೆದುಕೊಂಡು ಹೋದರು. "ನೀನು ಮುಟ್ಬೇಡ" ಎಂದು ಮರಿಗಳ ಹಾಲಿನ ಬಟ್ಟಲನ್ನು ಅವಳ ಕೈಯಿಂದ ಕಿತ್ತುಕೊಂಡರು. ಒಂದು ಮರಿ ಸತ್ತಿತು, ಉಳಿದ ಮೂರನ್ನು ಅಪ್ಪ ಹಾಲು ಹಾಕುವ ಮನೆಗಳಿಗೆ ಕೊಟ್ಟುಬಿಟ್ಟ. ಒಂದನ್ನಾದರೂ ಇಟ್ಟುಕೊಳ್ಳೋಣ ಎಂದು ಅವಳು ಅಪ್ಪನ ಕಾಲು ಕಟ್ಟಿಕೊಂಡಿದ್ದಳು. ಆಮೇಲೆ ಮೆಣಸಿನ ಸಸಿ ನೆಡುವಾಗ ಅವಳನ್ನು ಕರೆಯಲಿಲ್ಲ. ಹಾಲಿಗೆ ಹೆಪ್ಪು ಹಾಕಲು ಬಿಡಲಿಲ್ಲ. ನನ್ನ ಮಗುವಿಗೆ ಬಜೆ ತೇಯ್ದು ನೆಕ್ಕಿಸಲು ಬಂದರೆ ಅಜ್ಜಿ ತೇಯುವ ಕಲ್ಲನ್ನೇ ಈಚೆಗೆ ಎಳೆದುಕೊಂಡರು. ಅವಳು ನನ್ನ ಮುಖ ನೋಡಿದಳು. ಅಕ್ಕ ಏನಾದರೂ ಹೇಳುತ್ತಾಳೆ ಎಂದಿದ್ದಳೇನೋ. ನಾನು ಮಗುವಿನ ಕುಲಾವಿ ಸರಿಮಾಡಿದೆ. ಮೂರನೇ ತಿಂಗಳಿಗೆ ಗಂಡನ ಮನೆಗೆ ಹೋದೆ.

ಇಲ್ಲಿ ಸ್ವಲ್ಪ ನಿಂತು ಬೇರೆ ಮಾತು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ನನ್ನನ್ನು ಜಗಳಗಂಟಿ ಎನ್ನುತ್ತಾರೆ. ಅನ್ನಲಿ. ಬೀದಿ ನಾಯಿಗೆ ಈರುಳ್ಳಿ ಪಕೋಡ ಎಸೆಯುವವರನ್ನು ಕಂಡರೆ ಗೇಟಿನಿಂದಲೇ ಕೂಗುತ್ತೇನೆ. "ನಮ್ಮನೆ ನಾಯಿ ಸಾಂಬಾರ್ ತಿಂದೇ ಬೆಳೆದಿದ್ದು ಆಂಟಿ, ಏನೂ ಆಗ್ಲಿಲ್ಲ" ಎನ್ನುತ್ತಾರೆ. ಆಗುವವರೆಗೂ ಏನೂ ಆಗುವುದಿಲ್ಲ. ಒಂದು ಚೂರಿಗೆ ಬೀಳುವುದಿಲ್ಲ, ದಿನಾ ತಿಂದು ತಿಂದು ಒಳಗೇ ಸವೆಯುತ್ತದೆ. ಹಸಿಯದಾದರೂ ಬೇಯಿಸಿದರೂ ಹುರಿದರೂ ಒಂದೇ. ದ್ರಾಕ್ಷಿಯೂ ಬೇಡ, ಪಾಯಸದಲ್ಲಿನ ಒಣದ್ರಾಕ್ಷಿಯೂ ಬೇಡ, ಕೆಲವು ನಾಯಿಗಳಿಗೆ ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ. ಇದು ಆಗ ನನಗೆ ಗೊತ್ತಿರಲಿಲ್ಲ, ಅದಕ್ಕೆ ನನ್ನನ್ನು ಬೈದುಕೊಳ್ಳುವುದಿಲ್ಲ. ಮಕ್ಕಳ ಕೈಯ ಚಾಕಲೇಟೂ ಬೇಡ. ಕೋಳಿ ಊಟದ ಮೂಳೆ ಬೇಡವೇ ಬೇಡ. ಅಂಬಲಿ ಕೊಡಿ, ಬರೀ ಅನ್ನ ಕೊಡಿ, ಮೊಟ್ಟೆ ಬೇಯಿಸಿ ಕೊಡಿ, ಸಿಹಿಕುಂಬಳ, ಕ್ಯಾರೆಟ್ಟು ಬೇಯಿಸಿ ಕೊಡಿ. ಅದಕ್ಕೂ ಸೋಮಾರಿತನವಾದರೆ ಒಂದು ಬಟ್ಟಲು ನೀರಿಡಿ ಸಾಕು. ಬಾಣಂತಿಗೆ ಒಳ್ಳೆಯದು ನಾಯಿಗೆ ಯಾಕೆ ಒಳ್ಳೆಯದಲ್ಲ ಎಂದು ನನ್ನನ್ನು ಕೇಳಬೇಡಿ. ನಾನು ಹಾಗೆ ಕೇಳಿಯೇ ಒಂದನ್ನು ಮಣ್ಣು ಮಾಡಿದ್ದು. ಮರಿ ಹಾಕಿ ಸೊರಗಿತ್ತು, ಉಣ್ಣಿ ಹತ್ತಿತ್ತು, ಹೇಗಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಯಾರೋ ಒಬ್ಬರು ನನಗೆ ಸಮಾಧಾನ ಹೇಳಿದ್ದರು. ಸೊರಗಿದ ನಾಯಿಗೆ ವಿಷ ಹಾಕಿದರೆ ಅರ್ಧ ಪಾಪವೇ?

ಅದೇ ದಶಕ ಮುಗಿಯುವ ಹೊತ್ತಿಗೆ ತಂಗಿಗೆ ಮದುವೆಯಾಗಿತ್ತು. ರಾಜಾಜಿನಗರದಲ್ಲಿ ಮನೆ. ಅವಳೂ ಮೊದಲ ಹೆರಿಗೆಗೆ ಹೊಸಹಳ್ಳಿಗೆ ಬಂದಿದ್ದಳು. ಗಂಡು ಮಗು. ನಾಲ್ಕು ತಿಂಗಳಾದ ಮೇಲೆ ಮಗುವಿಗೆ ಜ್ವರ ಎಂದು ಸುದ್ದಿ ಬಂತು, ನೋಡಿಕೊಂಡು ಬರಲು ಬಸ್ಸು ಹತ್ತಿದೆ. ನಾನು ಹೋದಾಗ ಮಧ್ಯಾಹ್ನ. ನಡುಮನೆಯಲ್ಲಿ ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಎದುರಿಗೆ ಗುಲಾಬಿ ಬಣ್ಣದ ಔಷಧಿ ಸೀಸೆ, ಚಮಚ. ಮಗುವಿನ ಮೈ ಕೆಂಡದ ಹಾಗಿತ್ತು.

"ಔಷಧಿ ಹಾಕಿದ್ಯಾ?"

"ಇಲ್ಲ ಅಕ್ಕ. ಅವ್ವ ಕೊಟ್ಟಿಗೆಯಿಂದ ಬರ್ಲಿ ಅಂತ ಕಾಯ್ತಾ ಇದೀನಿ."

"ಅವ್ವ ಯಾಕೆ? ಸೀಸೆ ನಿನ್ನ ಮುಂದೇನೇ ಐತಲ್ಲ."

ಸೀಸೆಯ ಮೇಲಿನ ಚೀಟಿಯನ್ನು ನನಗಿಂತ ಚೆನ್ನಾಗಿ ಓದಬಲ್ಲವಳು. ಎಷ್ಟು ಹೊತ್ತಿಗೆ ಎಷ್ಟು ಎಂದು ಬಾಯಿಪಾಠ ಹೇಳಿದಳು. ಹಾಕುವುದು ಮಾತ್ರ ಆಗಲಿಲ್ಲ. ಚಮಚವನ್ನು ನನ್ನ ಕಡೆಗೆ ತಳ್ಳಿದಳು.

"ನೀನೇ ಹಾಕಕ್ಕ. ನನ್ನ ಕೈಯಿಂದ ಬೇಡ. ನನ್ನ ಕೈ ಗೊತ್ತಲ್ಲ ನಿಂಗೆ. ಅವತ್ತು ಆ ಮಾತ್ರೆ ಹಾಕಿದ್ದು… ಇದು ನನ್ನ ಮಗು ಅಕ್ಕ, ನಂಗೆ ಧೈರ್ಯ ಇಲ್ಲ."

ಹುಟ್ಟಿದಾಗಿನಿಂದ ಆ ಮಗುವಿಗೆ ಒಂದು ಹನಿ ಔಷಧಿಯನ್ನೂ ಅವಳು ತನ್ನ ಕೈಯಿಂದ ಹಾಕಿರಲಿಲ್ಲ ಎಂಬುದು ಆಗ ತಿಳಿಯಿತು. ರಾಜಾಜಿನಗರಕ್ಕೆ ಹೋದ ಮೇಲೆ ಏನು ಮಾಡುತ್ತೀ ಎಂದರೆ, ಪಕ್ಕದ ಮನೆಯವರನ್ನು ಕರೆದುಕೊಳ್ಳುತ್ತೇನೆ ಎಂದಳು. ಅದನ್ನೂ ಯೋಚಿಸಿ ಇಟ್ಟುಕೊಂಡಿದ್ದಳು. ನಾನು ಚಮಚ ತೆಗೆದುಕೊಂಡು ಮಗುವಿಗೆ ಔಷಧಿ ಹಾಕಿದೆ. ಮಗು ಅರ್ಧ ಉಗುಳಿತು, ಅರ್ಧ ನುಂಗಿತು. ಆ ಹೊತ್ತಿಗೆ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಒಳ್ಳೆಯದೇ ಆಯಿತು ಎಂದುಕೊಂಡೆ. ಅವ್ವನ ಎದುರಿಗೆ ಸುಳ್ಳು ಹೇಳಿದ್ದೆ, ಅವ್ವನ ಎದುರಿಗೇ ಹೇಳಬೇಕಿತ್ತು.

"ಕೂತ್ಕೋ ಅವ್ವ. ಇವಳ ಕೈಗುಣದ ಮೇಲೆ ನೀನು ಹೊರಿಸಿದ್ದೆಲ್ಲ ಸುಳ್ಳು. ಆ ನಾಯಿಗೆ ಬೆಳ್ಳುಳ್ಳಿ ಹಾಕಿದ್ದು ನಾನು. ನೀನು ನಂಗೆ ಕೊಟ್ಟಿದ್ದನ್ನೆಲ್ಲ ಕಿಟಕಿಯಿಂದ ಹಾಕ್ದೆ, ಒಂಬತ್ತು ದಿನ. ಮಾತ್ರೆ ಕೊಡೋಕೆ ಮುಂಚೇನೇ ಅದು ಎದ್ದು ನಿಲ್ಲೋಕಾಗ್ದೆ ಬೀಳ್ತಿತ್ತು. ಉಚ್ಚೆ ಕರ್ರಗಾಗಿದ್ದನ್ನ ನನ್ನ ಕಣ್ಣಾರೆ ನೋಡಿದ್ದೆ. ಇವ್ಳು ಕೇಳ್ದಾಗ ಇಲ್ಲ ಅಂದೆ."

ಅವ್ವ, "ಥೂ, ನಾಯಿ ಮಾತು ಈಗ ಯಾಕೆ ತೆಗೀತೀಯ? ಮಗುವಿಗೆ ಜ್ವರ. ಸುಮ್ನಿರು" ಎಂದಳು.

"ಸುಮ್ನಿರಲ್ಲ. ಸುಮ್ನಿದ್ದಿದ್ದಕ್ಕೇ ಇವ್ಳು ಸ್ವಂತ ಮಗೀಗೆ ಚಮಚ ಮುಟ್ಟಿಸೋಕೆ ಹೆದರ್ತಾ ಕೂತವ್ಳೆ. ಸಿಟ್ಟು ಬಂದ್ರೆ ನಂಗೆ ಹೊಡಿ. ಇವತ್ತು ಮಾತ್ರ ನನ್ನ ಬಾಯಿ ಮುಚ್ಚಿಸ್ಬೇಡ."

ಅವ್ವ ಹೊಡೆಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತಳು.

ತಂಗಿ ನನ್ನನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಮುಖ ಬಿಗಿದುಕೊಂಡಿತ್ತು.

"ನಾನು ಕೋಣೆಗೆ ಬಂದು ಕೇಳಿದ್ದೆ ಅಕ್ಕ. ನಿಜ ಹೇಳು ಅಂತ ಕೇಳಿದ್ದೆ."

"ಹೌದು. ಕೇಳಿದ್ದೆ."

"ನೀನು ಹೌದು ಅಂದಿದ್ರೆ ಡಾಕ್ಟ್ರು ಬೇರೆ ಔಷಧಿ ಕೊಡ್ತಿದ್ರು."

"ಕೊಡ್ತಿದ್ರೇನೋ."

"ಅವಳು ಬದುಕ್ತಿದ್ಲೇನೋ."

"ಬದುಕ್ತಿದ್ಲೇನೋ."

"ಎಂಟು ವರ್ಷ ಆಯ್ತು ಅಕ್ಕ! ಅಷ್ಟು ವರ್ಷ ನನ್ನ ಕೈ ನೋಡ್ಕೊಂಡು ನೋಡ್ಕೊಂಡು… ಒಂದು ದಿನಾನೂ ನಿಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ಅನ್ನಿಸಿತ್ತು ಎಂದರೆ ಅದೊಂದು ನೆಪವಾಗುತ್ತಿತ್ತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತಿತ್ತು. ನಮ್ಮಲ್ಲಿ ಹಿರಿಯರು ಕಿರಿಯರ ಹತ್ತಿರ ತಪ್ಪೊಪ್ಪಿಕೊಳ್ಳುವ ರೂಢಿಯಿಲ್ಲ. ಏನಾದರೂ ಆಗಿದ್ದರೆ ಒಂದು ಸೀರೆ ತಂದುಕೊಟ್ಟು ಸುಮ್ಮನಾಗುತ್ತಾರೆ, ಇಲ್ಲವೇ ಅವತ್ತು ಊಟಕ್ಕೆ ಬಡಿಸುವಾಗ ತುಪ್ಪ ಹೆಚ್ಚು ಹಾಕುತ್ತಾರೆ. ನಾನು ಅವಳ ಎದುರು ನೆಲದ ಮೇಲೆ ಕೂತು, ಮಗುವಿನ ಕೆಳಗಿದ್ದ ಅವಳ ಬಲಗೈಯನ್ನು ಎಳೆದು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಕಿತ್ತುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ. ಅವ್ವನಿಗೂ ಕೇಳಿಸಲಿ, ಬೀದಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ತಪ್ಪಾಯ್ತು ಕಣೇ. ನಿನ್ನ ನಾಯೀನ ಕೊಂದವ್ಳು ನಾನು, ಪಾಪ ನಿನ್ನ ಮೇಲೆ ಹಾಕ್ದವ್ಳೂ ನಾನೇ. ನಿನ್ನ ಕೈಯಲ್ಲಿ ಯಾವ ದೋಷಾನೂ ಇಲ್ಲ. ನಾನು ನಿನ್ನ ಅಕ್ಕ, ನಿನಗಿಂತ ದೊಡ್ಡವ್ಳು, ಆದ್ರೂ ಕೇಳ್ತಾ ಇದೀನಿ. ನನ್ನ ಕ್ಷಮಿಸೋದು ಬಿಡೋದು ನಿಂಗೆ ಸೇರಿದ್ದು. ನಂದು ತಪ್ಪಾಯ್ತು."